ಕಂಟ್ರೋಲರ್ ಕಾಕಾ ಮಾತಾಡುವ ಹೊತ್ತು

ನಮ್ಮ ಓಣಿಯ ಹಿಟ್ಟಿನ ಗಿರಣಿ ಈಗ ಸಂಜೆ ಐದು ಗಂಟೆಗೂ ಓಡುತ್ತದೆ. ಓಡಲಿ, ಅದಿರುವುದೇ ಓಡಲಿಕ್ಕೆ. ಆದರೆ ಮೋಟಾರು ಹಚ್ಚಿದ ಕೂಡಲೇ ಮಾಳಿಗೆಯ ಮೇಲಿನ ನನ್ನ ಮನೆಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತದಲ್ಲ, ಆಗ ಕೈಯಲ್ಲಿನ ಕೆಲಸ ನಿಲ್ಲಿಸಿ ಕೆಳಗಿನ ಮನೆಯ ಕಡೆ ಕಿವಿ ಕೊಡುತ್ತೇನೆ. ಈಗೊಂದು ಬೈಗುಳ ಬರಬೇಕು. ಬರುವುದಿಲ್ಲ. ಬೈಯುವವರು ತೀರಿಕೊಂಡು ವರ್ಷ ದಾಟಿದೆ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕೂಗಿ ಬಿಡುತ್ತಿದ್ದ ಅವರು ಊರಿಗೆಲ್ಲ ಕಂಟ್ರೋಲರ್. ನನಗೆ ಕಾಕಾ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ಗೊಂದಲವಾಗಿ ಎದ್ದಿದ್ದೇನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು ನಾನು. ಎಂದೋ ಸತ್ತ ರಾಜರ ಬಗ್ಗೆ ಕೂಡ ಅನುಮಾನವಿಲ್ಲದೆ ಮಾತಾಡುವ ಅಭ್ಯಾಸ. ಈ ಒಬ್ಬ ಮನುಷ್ಯನ ವಿಷಯದಲ್ಲಿ ಮಾತ್ರ ಯಾವುದನ್ನೂ ಗಟ್ಟಿಯಾಗಿ ಹೇಳಲಾರೆ. ಅವರು ಸಿಟ್ಟಿನವರೋ ಮೆತ್ತಗಿನವರೋ, ಜಾಣರೋ ಹುಂಬರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅವರ ಮುಖಕ್ಕಿಂತ ಮೊದಲು ಅವರ ದನಿ ನನಗೆ ಪರಿಚಯ. ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳು, ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಅಳವಂಡಿಯಿಂದ ಬಂದು ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಶನಿವಾರ ಊರಿಗೆ ಹೋಗಲು ಬಸ್ ಸ್ಟ್ಯಾಂಡಿಗೆ ಬಂದರೆ ಮೈಕಿನಲ್ಲಿ ಒಂದು ದನಿ ಗುಡುಗುತ್ತಿತ್ತು. "ಕನಕಗಿರಿ, ತಾವರಗೇರಾ ಮಾರ್ಗವಾಗಿ ಕುಷ್ಟಗಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿರುತ್ತದೆ." ಆ ದನಿಗೆ ಮೈಕು ಯಾಕೆ ಬೇಕಿತ್ತೋ, ಹೇಮಗುಡ್ಡದ ದುರ್ಗಮ್ಮನಿಗೂ ಕೇಳಿಸುವಂತಿತ್ತು. ಎಲ್ಲ ಬಸ್ಸನ್ನೂ ಒಂದು ಸಲ ಕೂಗಿ ಬಿಡುತ್ತಿದ್ದ ಮನುಷ್ಯ, ಕೊಪ್ಪಳ, ಕುಕನೂರಿನ ಮೇಲೆ ಯಲಬುರ್ಗಾಕ್ಕೆ ಹೋಗುವ ಬಸ್ಸು ಬಂದರೆ ಮಾತ್ರ ಮೂರು ಸಲ ಕೂಗುತ್ತಿದ್ದ. ನಾವು ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. "ಯಲಬುರ್ಗಾದಾಗ ಯಾರೋ ಅದಾರ ಬಿಡು ಅವಗ" ಎನ್ನುತ್ತಿದ್ದಳು ನನ್ನ ಗೆಳತಿ.

ಬಹಳ ವರ್ಷಗಳ ಮೇಲೆ ಅದೇ ಗಂಗಾವತಿಗೆ ಟೀಚರಾಗಿ ವರ್ಗವಾಗಿ ಬಂದು ಬಾಡಿಗೆ ಮನೆ ಹುಡುಕುತ್ತಿದ್ದೆ. ಬಂಡೆಗುಡ್ಡಕ್ಕೆ ಬೆನ್ನು ಕೊಟ್ಟು ಕೂತ ಓಣಿ. ಒಂದು ಮನೆಯ ಬಾಗಿಲು ಬಡಿದೆ. ಬನಿಯನ್ನು ತೊಟ್ಟ ಕುಳ್ಳನೆಯ ಹಿರಿಯರೊಬ್ಬರು ಹೊರಬಂದು, "ಮಾಳಿಗಿ ಮ್ಯಾಲಿನ ಮನಿ ಖಾಲಿ ಐತಿ. ನೀರು ಮುಂಜಾನೆ ಬರತೈತಿ. ಲೇಟ್ ಎದ್ದೋರಿಗೆ ಸಿಗಂಗಿಲ್ಲ" ಎಂದರು. ಅದೇ ಬಸ್ ಸ್ಟ್ಯಾಂಡಿನ ದನಿ! ಈಗ ಈ ಮನುಷ್ಯ ಅಂಕಣ ಎಷ್ಟನೆಯದೆಂದೂ ಹೇಳುತ್ತಾನೆ ಅನ್ನಿಸಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು, ದನಿ ಮಾತ್ರ ಡ್ಯೂಟಿಯಲ್ಲೇ ಇತ್ತು. ಅವರ ಹೆಂಡತಿ, ನಾನು ಕಾಕಿ ಎನ್ನುವವರು, ಒಳಗಿನಿಂದಲೇ ಅಂದರು, "ಸರಕಾರದವರು ಮೈಕ್ ಇಸಗೊಂಡು ದನಿ ನಮಗ ಬಿಟ್ಟು ಹೋಗ್ಯಾರ ನೋಡ್ರಿ ಅಕ್ಕೋರ. ಹೆದರಬ್ಯಾಡ್ರಿ, ರೂಢಿ ಆಗತೈತಿ."

ರೂಢಿಯಾಗಲು ಸಮಯ ಹಿಡಿಯಿತು. ಕಾಯಿಪಲ್ಯೆಯವಳು ಬರುವುದು ತಡವಾದರೆ "ಡಿಪೋ ಮ್ಯಾನೇಜರಗ ಬರೀತೀನಿ ನಿನ್ನ ಮ್ಯಾಲ" ಎನ್ನುವರು. ಅವಳಿಗೆ ಡಿಪೋ ಎಲ್ಲಿದೆಯೆಂದೇ ಗೊತ್ತಿಲ್ಲ. ನಾನು ಶಾಲೆಯಿಂದ ಬರುವುದು ತಡವಾದರೆ "ಎಲ್ಲಿ ಪಂಕ್ಚರ್ ಆಗಿತ್ರಿ?" ಎಂದು ಕಟ್ಟೆಯ ಮೇಲಿಂದ ಕೇಳುವರು. ಬೈದವರಿಗೇ ಆಮೇಲೆ ಕರೆದು ಚಾ ಕುಡಿಸುವರು. ಯಾರಾದರೂ ತಮ್ಮ ಮಾತಿಗೆ ತಿರುಗಿ ಮಾತಾಡಿದರೆ, "ಮಾತು ಕಿವಿಗೆ ಬೀಳೋ ಪುಣ್ಯಾ ಇದ್ದೋರಿಗೆ ಕೇಳೋ ತಾಳ್ಮಿ ಇಲ್ಲ" ಎಂದು ಒಂದು ವಿಚಿತ್ರ ಮಾತು ಆಡುತ್ತಿದ್ದರು. ನಾನದನ್ನು ಬರೀ ಜಂಬದ ಮಾತೆಂದುಕೊಂಡಿದ್ದೆ.

ಆ ವರ್ಷದ ಪಂಚಮಿಗೆ ಕಾಕಿ ನನ್ನನ್ನು ಉಂಡಿ ತಿನ್ನಲು ಕೆಳಗೆ ಕರೆದಿದ್ದರು. ಇಳಿದು ಬಂದರೆ ಮನೆಯಲ್ಲಿ ಸದ್ದೇ ಇಲ್ಲ. ಎಲ್ಲ ಹೊರಗೆ ಹೋಗಿದ್ದಾರೆಂದುಕೊಂಡು ಪಡಸಾಲೆಗೆ ಇಣುಕಿದೆ. ಕಾಕಾ ಮತ್ತು ಅವರಷ್ಟೇ ಕುಳ್ಳಗಿನ ಒಬ್ಬ ಹೆಂಗಸು ಚಾಪೆಯ ಮೇಲೆ ಎದುರುಬದುರು ಕೂತು ಕೈಯಲ್ಲಿ ಮಾತಾಡುತ್ತಿದ್ದರು. ಕೈ, ಹುಬ್ಬು, ಭುಜ, ಎಲ್ಲ ಮಾತಾಡುತ್ತಿದ್ದವು. ಕಾಕಾ ಏನೋ ತೋರಿಸಿದರು, ಅವಳು ಹೊಟ್ಟೆ ಹಿಡಿದುಕೊಂಡು ಗಂಟಲಲ್ಲೇ ಒಂದು ಸದ್ದು ಮಾಡುತ್ತ ನಕ್ಕಳು. ಊರಿಗೆ ಕೇಳಿಸುವಂತೆ ಕೂಗುತ್ತಿದ್ದ ಮನುಷ್ಯ ತುಟಿ ಸಹ ಅಲ್ಲಾಡಿಸದೆ ಅಷ್ಟು ಮಾತಾಡುವುದನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅವಳು ಕಾಕಾನ ತಂಗಿ. ಯಲಬುರ್ಗಾಕ್ಕೆ ಕೊಟ್ಟ ಮನೆಮಗಳು, ಹುಟ್ಟು ಕಿವುಡಿ. ಅಡುಗೆಮನೆಯಲ್ಲಿ ಕಾಕಿ ಎಲ್ಲ ಹೇಳಿದರು. ಇಬ್ಬರೂ ಸಣ್ಣವರಿದ್ದಾಗಲೇ ತಾಯಿ ಸತ್ತಳಂತೆ. ಅಣ್ಣನೇ ತಂಗಿಯನ್ನು ಎತ್ತಿ ಆಡಿಸಿದವನು. ಆ ಕಾಲಕ್ಕೆ ಅಂಥವರಿಗೆ ಸಾಲಿ ಎಲ್ಲಿತ್ತು? "ಅದು ಅವರಿಬ್ರೂ ಕೂಡಿ ಕಟ್ಟಿದ ಮಾತು, ಅಕ್ಕೋರ. ಬ್ಯಾರೇ ಕಿವುಡರಿಗೂ ತಿಳಿಯಂಗಿಲ್ಲ. ನಾ ಈ ಮನಿಗೆ ಬಂದು ಕೂದಲ ಬೆಳ್ಳಗಾದ್ವು, ಉಂಡ್ಯಾ, ಮಲಕೋ, ನೀರು ಕೊಡು, ಇಷ್ಟ ಬರತಾವ ನನಗ. ಅಕಿ ಗಂಡ ಇದ್ದಾಗ ಅವಗೂ ಅಷ್ಟ, ಮಗಗೂ ಅಷ್ಟ. ಹೊಟ್ಟ್ಯಾಗಿಂದು ಏನರ ಹೇಳಬೇಕಂದ್ರ ಅಕಿಗೆ ಈ ಭೂಮಿ ಮ್ಯಾಲ ಇರೋರು ಇವರೊಬ್ರ." ಅದಕ್ಕೇ ಕಾಕಾ ವಾರದ ರಜೆ ಬಂದರೆ ಸಾಕು ಯಲಬುರ್ಗಾ ಬಸ್ಸು ಹತ್ತುತ್ತಿದ್ದರಂತೆ. ಹೋಗಿ, ಕಟ್ಟೆಯ ಮೇಲೆ ಕೂತು, ವಾರದ ಮಾತೆಲ್ಲ ಕೇಳಿ, ಸಂಜೆಯ ಬಸ್ಸಿಗೆ ತಿರುಗಿ ಬರುವುದು. ಆ ದಿನ ತಪ್ಪಿದರೆ ತಂಗಿಯದು ಒಂದು ವಾರ ಮೌನ.

ತಂಗಿ ಅಣ್ಣನಿಗೆ ಇಟ್ಟ ಹೆಸರು ಬಾಯಿಯ ಮುಂದೆ ಹಿಡಿದ ಮುಷ್ಟಿ. ಅಣ್ಣ ಮೈಕ್ ಹಿಡಿದದ್ದನ್ನು ಅವಳು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದಳು. ಆ ಮೈಕಿನಿಂದ ಏನು ಹೊರಡುತ್ತದೆಂದು ಅವಳು ಅಂದುಕೊಂಡಿದ್ದಳೋ ಏನೋ. ಮೂರು ಸಲದ ಗುಟ್ಟು ನನಗೆ ಅವತ್ತು ಅರ್ಧ ತಿಳಿಯಿತು, ಇನ್ನರ್ಧ ಮತ್ತಷ್ಟು ಸಿಕ್ಕಾಯಿತು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಕಾಕಾ, ಅವರಿಗೆ ಕೇಳಂಗಿಲ್ಲ. ಮತ್ತ ಅವರ ಊರಿನ ಬಸ್ ಮೂರು ಸಲ ಯಾಕ ಒದರತಿದ್ರಿ?"

"ಒಂದು ಜನಕ್ಕ. ಒಂದು ಡ್ರೈವರಗ."

"ಮೂರನೇದು?"

"ಸುಮ್ನ" ಎಂದು ಎದ್ದು ಹೋದರು.

ಕೊರೊನಾ ಬಂತು, ಬಸ್ಸು ನಿಂತವು. ಬಸ್ಸೇ ಇಲ್ಲದ ಗಂಗಾವತಿಯನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡುವರು, ನಾಯಿಗೂ ಬೈಯುವರು. ಆಗಲೇ ಅವರ ಮೊಣಕಾಲು ಕೈಕೊಟ್ಟದ್ದು. ಬಸ್ಸು ಮತ್ತೆ ಶುರುವಾಗುವ ಹೊತ್ತಿಗೆ ಬಸ್ಸಿನ ಮೆಟ್ಟಿಲು ಹತ್ತುವುದಿರಲಿ, ಹೊಸ್ತಿಲು ದಾಟುವುದೂ ಅವರಿಗೆ ಕಷ್ಟವಾಗಿತ್ತು. ತಂಗಿಯ ಮಗ ಮಲ್ಲಪ್ಪ ಕುಷ್ಟಗಿ ಕಡೆ ಗ್ರಾನೈಟ್ ಫ್ಯಾಕ್ಟರಿಗೆ ಹೋಗುತ್ತಿದ್ದ. ಅವನು ತಾಯಿಗೊಂದು ಮೊಬೈಲ್ ಕೊಡಿಸಿ, ಮಾವನ ಫೋಟೋ ಒತ್ತಿದರೆ ವಿಡಿಯೊ ಹತ್ತುವಂತೆ ಮಾಡಿಕೊಟ್ಟ. ಆ ಕಡೆ ಸಿಗ್ನಲ್ಲಿಗೆ ಕೊರತೆಯಿಲ್ಲ. ಈ ಕಡೆ ನಮ್ಮ ಓಣಿ ಬಂಡೆಗುಡ್ಡದ ಮರೆಯಲ್ಲಿದೆ. ಫೋನು ಮಾತಾಡಬೇಕೆಂದರೆ ಮಾಳಿಗೆ ಹತ್ತಬೇಕು. "ಸಿಗ್ನಲ್ ಮ್ಯಾಲ ಐತಿ, ಮಣಕಾಲ ಕೆಳಗ ಅದಾವ. ಏನ್ ಮಾಡೂಣು?" ಎಂದರು ಕಾಕಾ. ಅವರ ಬಾಯಲ್ಲಿ ದಾರಿಗಾಣದ ಪ್ರಶ್ನೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೇಬಲ್ ಟಿ.ವಿ. ನಡೆಸುವ ವೀರೇಶ ಬಂದು ವೈರಿನ ಇಂಟರ್ನೆಟ್ ಎಳೆದು, ಗೋಡೆಗೊಂದು ವೈಫೈನ ಬಿಳಿ ಡಬ್ಬಿ ಬಡಿದ. ಹಸಿರು ದೀಪ ಮಿಣಿಮಿಣಿ ಅಂದವು. ಕಾಕಾ ಹೊಸ ಟ್ಯಾಬೊಂದನ್ನು ತರಿಸಿ ಪಡಸಾಲೆಯ ಸ್ಟೂಲಿನ ಮೇಲೆ ನಿಲ್ಲಿಸಿದರು. ಮೊದಲ ಸಲ ತಂಗಿಯ ಮುಖ ಬಂತು. ಅವಳು ಆ ಕಡೆಯಿಂದ ಗಾಜಿಗೆ ಅಂಗೈ ಒತ್ತಿದಳು, ಇವರು ಈ ಕಡೆಯಿಂದ. ಕಾಕಿ ಕಣ್ಣೊರೆಸಿಕೊಂಡು, "ನನ್ನ ಜೋಡಿ ಇಡೀ ಸಂಸಾರದಾಗ ಇಷ್ಟು ಮಾತಾಡಿಲ್ಲ ಈ ಮನಷ್ಯಾ" ಎಂದರು. ಆ ಕಡೆ ಎಮ್ಮೆಯ ಕೆಲಸ ಮುಗಿಯುವ ಸಂಜೆ ಐದು ಗಂಟೆ ದಿನದ ಮಾತಿನ ಹೊತ್ತೆಂದು ನಿಗದಿಯಾಯಿತು.

ಇಲ್ಲಿಂದ ಮುಂದೆ ನನಗೆ ಈಗಲೂ ಪೂರ್ತಿ ಅರ್ಥವಾಗದ ಭಾಗ. ನಮ್ಮಲ್ಲಿ ಕರೆಂಟು ಹೋಗುವುದು ಬೇರೆ, ಕಣ್ಣು ಹೊಡೆಯುವುದು ಬೇರೆ. ಹೋದರೆ ಹೋಯಿತೆಂದು ಸುಮ್ಮನಿರಬಹುದು. ಕಣ್ಣು ಹೊಡೆದರೆ ಬಲ್ಬು ಆರಿ ಹತ್ತುವುದರೊಳಗೆ ಬಿಳಿ ಡಬ್ಬಿ ಸತ್ತು, ಮತ್ತೆ ಹುಟ್ಟಿ, ಎದ್ದು ಮುಖ ತೊಳೆದುಕೊಂಡು ಕೆಲಸಕ್ಕೆ ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಆ ಕಡೆಯ ಪರದೆಯಲ್ಲಿ ಕಾಕಾನ ಮುಖ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ನಾವು ನೀವಾದರೆ ಮಾಳಿಗೆ ಹತ್ತಿ ಫೋನು ಮಾಡಿ "ಲೈಟ್ ಹೋಗಿತ್ತು" ಅನ್ನುತ್ತೇವೆ. ಅವಳಿಗೆ ಹಾಗೆ ಯಾರು ಹೇಳುವುದು?

ಒಂದು ದಿನ ಕಾಕಾಗೆ ಮಾತಿನ ನಡುವೆ ಕೆಮ್ಮು ಒತ್ತರಿಸಿ ಬಂತು. ಕಣ್ಣು ಮುಚ್ಚಿ, ಬಾಯಿ ತೆರೆದು, ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದಾಗಲೇ ಗಿರಣಿಯ ಮೋಟಾರು ಹತ್ತಿತು. ಕರೆಂಟು ಕಣ್ಣು ಹೊಡೆಯಿತು, ಡಬ್ಬಿ ಸತ್ತಿತು. ಯಲಬುರ್ಗಾದ ಪರದೆಯ ಮೇಲೆ ಅಣ್ಣ ಕಣ್ಣು ಮುಚ್ಚಿ, ಬಾಯಿ ತೆರೆದು, ಎದೆ ಹಿಡಿದುಕೊಂಡು ನಿಂತುಬಿಟ್ಟ. ಇಲ್ಲಿ ಡಬ್ಬಿ ಎದ್ದ ಮೇಲೆ ಕಾಕಾ ಎಷ್ಟು ಸಲ ಹಚ್ಚಿದರೂ ಆ ಕಡೆ ಎತ್ತುವವರಿಲ್ಲ. ನಾನು ಮಾಳಿಗೆ ಹತ್ತಿ ಮಲ್ಲಪ್ಪನಿಗೆ ಹೇಳಿದೆ. ಅವನು ಓಣಿಯವರಿಗೆ ಫೋನು ಮಾಡಿದ. ಮನೆಗೆ ಬೀಗ ಹಾಕಿದೆ, ಮೊಬೈಲ್ ಒಳಗೇ ಬಡಿದುಕೊಳ್ಳುತ್ತಿದೆ, ಅವ್ವ ಎಲ್ಲೂ ಇಲ್ಲ ಎಂದು ಸುದ್ದಿ ಬಂತು.

ಅವಳು ಬಸ್ಸು ಹತ್ತಿದ್ದಳು. ಓದಲು ಬಾರದು, ಕಿವಿ ಕೇಳದು, ಯಾರನ್ನೂ ದಾರಿ ಕೇಳುವಂತಿಲ್ಲ. ಅಂಥವಳು ಕುಕನೂರು ದಾಟಿ, ಕೊಪ್ಪಳದಲ್ಲಿ ಇಳಿದು, ಬಸ್ಸು ಬದಲಿಸಿ, ಯಾವ ಗುರುತು ಹಿಡಿದೋ ಏನೋ, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ನಮ್ಮ ಓಣಿಯ ಬಾಯಲ್ಲಿ ಬಂದು ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಣ್ಣನನ್ನು ನೋಡಿದಳು. ಹತ್ತಿರ ಬಂದು ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಅಲ್ಲೇ ಕುಸಿದು, ಅವರ ಮೊಣಕಾಲು ಅಪ್ಪಿಕೊಂಡು, ಆ ಗಂಟಲಿನ ಸದ್ದಿನಲ್ಲಿ ಅತ್ತಳು. ಇಡೀ ಗಂಗಾವತಿಯನ್ನು ಗದರಿಸಿದ ಮನುಷ್ಯ ಹೊಡೆಸಿಕೊಂಡ ಕೆನ್ನೆ ಹಿಡಿದುಕೊಂಡು ತಪ್ಪು ಮಾಡಿದ ಹುಡುಗನಂತೆ ಕೂತಿದ್ದರು.

ಮರುದಿನದಿಂದ ಕಾಕಾಗೆ ಹುಚ್ಚು ಹಿಡಿಯಿತು. ಆ ಡಬ್ಬಿ ಮತ್ತೆ ಸಾಯಬಾರದು.

ಮೊದಲು ಗಿರಣಿ ಖಾಜಾಸಾಬರ ಮೇಲೆ ದಾಳಿ. ಕೋಲೂರಿಕೊಂಡು ಓಣಿಯ ತುದಿಗೆ ಹೋಗಿ, "ಐದರಿಂದ ನಾ ಹೇಳೂತನಕ ನಿನ್ನ ಮೋಟರ್ ಹೊರಡಂಗಿಲ್ಲ" ಎಂದು ಆಜ್ಞೆ ಮಾಡಿದರು. ಖಾಜಾಸಾಬ್ ಅವರ ಹಳೆಯ ದೋಸ್ತ, ತಂಗಿ ಬರಿಗಾಲಲ್ಲಿ ಬಂದದ್ದನ್ನು ಕಣ್ಣಾರೆ ಕಂಡವರು. "ಆತ್ರಿ ಕಂಟ್ರೋಲರ್, ನಿಮ್ಮ ಹುಕುಂ" ಎಂದರು. ಆವತ್ತಿನಿಂದ ಜೋಳದ ಡಬ್ಬಿ ತಂದ ಹೆಂಗಸರು ಗಿರಣಿಯ ಮುಂದೆ ಸಾಲಾಗಿ ಕೂತು, "ಇವರ ಮಾತು ಮುಗಿಯೂತನಕ ನಮ್ಮ ರೊಟ್ಟಿ ಇಲ್ಲ" ಎಂದು ಗೊಣಗುತ್ತಿದ್ದರು. ಗೊಣಗಿದರೂ ಯಾರೂ ಎದ್ದು ಬೇರೆ ಗಿರಣಿಗೆ ಹೋಗಲಿಲ್ಲ. ಹೊಸಬರು ಬಂದು ಮೋಟಾರು ಯಾಕೆ ಹಚ್ಚಿಲ್ಲ ಎಂದರೆ, "ಕಂಟ್ರೋಲರ್ ಮಾತಾಡೋ ಹೊತ್ರಿ" ಎಂದು ಅವರೇ ಸಮಜಾಯಿಷಿ ಕೊಡುತ್ತಿದ್ದರು.

ಗಿರಣಿ ಬಾಯಿ ಮುಚ್ಚಿದರೂ ಗಾಳಿ ಬೀಸಿದಾಗ ಕರೆಂಟು ಕಣ್ಣು ಹೊಡೆಯುವುದು ನಿಲ್ಲಲಿಲ್ಲ. ಕಾಕಾ ಮನೆಗೆ ಇನ್ವರ್ಟರ್ ತಂದರು, ಆಳೆತ್ತರದ ಬ್ಯಾಟರಿಯೇನೋ ಅನ್ನುವಷ್ಟು ಜಂಬದಿಂದ. ಕರೆಂಟು ಹೋಯಿತು. ಫ್ಯಾನು ತಿರುಗುತ್ತಲೇ ಇತ್ತು. ಡಬ್ಬಿ ಸತ್ತಿತು.

"ಏ ವೀರೇಶ! ಫ್ಯಾನ್ ಜೀವಂತ ಐತಿ, ಅದರ ಬಾಜೂಕಿನ ಡಬ್ಬಿ ಹ್ಯಾಂಗ ಸಾಯ್ತೈತೋ? ಇಬ್ಬರಿಗೂ ಒಂದ ಮನಿ ಕರೆಂಟ್ ಅಲ್ಲೇನು?"

"ಕಾಕಾ, ಇನ್ವರ್ಟರ್ ಎಚ್ಚರಾಗಾಕ ರೆಪ್ಪಿ ಬಡಿಯೋವಷ್ಟು ಹೊತ್ತು ಬೇಕ್ರಿ. ಫ್ಯಾನ್ ಅಷ್ಟೊತ್ತು ತನ್ನ ಓಟದ ಮ್ಯಾಲ ತಿರಗತೈತಿ. ಡಬ್ಬಿಗೆ ಆ ತಾಳ್ಮಿ ಇಲ್ರಿ. ಅದಕ್ಕಂತ ಸಣ್ಣ ಬ್ಯಾಟ್ರಿ ಬರತೈತಿ, ನಡುವ ಹಾಕಬೇಕು."

ಇದು ನನಗೆ ತಿಳಿಯಿತು ಎಂದುಕೊಂಡೆ, ತಿಳಿದಿರಲಿಲ್ಲ. ಕಾಕಾಗೂ ತಿಳಿದಿರಲಿಲ್ಲ. ವೀರೇಶ ಅದನ್ನು ತರುವವರೆಗೆ ತಡೆಯದೆ, ಯಾವುದೋ ಹಳೆಯ ರೇಡಿಯೋದ ಅಡಾಪ್ಟರ್ ತಂದು ಡಬ್ಬಿಗೆ ಚುಚ್ಚಿದರು. "ನೋಡ್ರಿ ಅಕ್ಕೋರ, ಪಿನ್ ಹೆಂಗ ಕುಂತೈತಿ, ಇದಕ್ಕ ಮಾಡಿಸಿದಂಗ" ಎಂದು ಹೆಮ್ಮೆಪಡುತ್ತಿದ್ದಾಗಲೇ ಡಬ್ಬಿಯಿಂದ ಸಣ್ಣಗೆ ಹೊಗೆ ಎದ್ದಿತು. ಕಾಕಿ ಅಡುಗೆಮನೆಯಿಂದ, "ಏನೋ ಸುಟ್ಟ ವಾಸನಿ ಬರಾಕತ್ತೈತಿ, ನಂದಂತೂ ಒಲಿ ಹಚ್ಚಿಲ್ಲ" ಎಂದರು. ಹೊಸ ಡಬ್ಬಿ ಬಂತು, ಅದರೊಡನೆ ಸರಿಯಾದ ಸಣ್ಣ ಬ್ಯಾಟರಿಯೂ ಬಂತು. ಬ್ಯಾಟರಿ ಬಂದ ಮೇಲೆ ಕರೆಂಟು ಎಷ್ಟು ಕಣ್ಣು ಹೊಡೆದರೂ ಡಬ್ಬಿಯ ಹಸಿರು ದೀಪ ಅಲುಗಲಿಲ್ಲ. ಕಾಕಾ ಮೀಸೆ ತಿರುವಿದರು.

ಆದರೂ ಪರದೆಯ ಮೇಲೆ ತಂಗಿ ನಿಂತುಬಿಡುತ್ತಿದ್ದಳು! ಡಬ್ಬಿ ಜೀವಂತ, ದೀಪ ಹಸಿರು, ಟ್ಯಾಬು ಜೀವಂತ, ಮಾತು ಮಾತ್ರ ಸತ್ತಿದೆ. ನಮ್ಮ ಮೂವರ ತಲೆಯೂ ಕೆಟ್ಟುಹೋಯಿತು. ಯಲಬುರ್ಗಾದ ಟವರ್ ಸರಿಯಿಲ್ಲ ಎಂದರು ಕಾಕಾ. ಅಲ್ಲಿನವರು ನಮ್ಮದು ನೆಟ್ಟಗಿದೆ ಎಂದರು. ನನ್ನ ಮಾಳಿಗೆಯ ವಾಶಿಂಗ್ ಮಷಿನ್ ಮೇಲೆ ಅನುಮಾನ ಬಂತು. ನಾನು ಒಂದು ತಿಂಗಳು ಕೈಯಲ್ಲಿ ಬಟ್ಟೆ ಒಗೆದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಕಾಕಿ ಡಬ್ಬಿಗೆ ದೃಷ್ಟಿ ತೆಗೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅವತ್ತು ಇಡೀ ಸಂಜೆ ಮಾತು ಕಡಿಯಲಿಲ್ಲ. ಮರುದಿನ ಕಡಿಯಿತು. "ನಿಂಬಿಹಣ್ಣು ಒಣಗೇತಿ" ಎಂದರು ಕಾಕಿ. ನಾನೂ ಹೌದೆಂದುಬಿಟ್ಟೆ. ಆ ಹೊತ್ತಿಗೆ ನನಗೆ ವಿಜ್ಞಾನದ ಮೇಲೂ ನಿಂಬೆಹಣ್ಣಿನ ಮೇಲೂ ಸಮಸಮ ನಂಬಿಕೆ ಉಳಿದಿತ್ತು.

ಗಂಟು ಬಿಚ್ಚಿದ್ದು ಖಾಜಾಸಾಬರು, ಅದೂ ಗೊತ್ತಿಲ್ಲದೆ. ಒಂದು ದಿನ ಕಟ್ಟೆಗೆ ಬಂದು ಚಾ ಕುಡಿಯುತ್ತ, "ವೀರೇಶಗ ಹೇಳ್ರಿ ಕಂಟ್ರೋಲರ್, ಗಿರಣ್ಯಾಗಿನ ಅವನ ಡಬ್ಬಿ ಮ್ಯಾಲ ಹಿಟ್ಟು ಕುಂತು ರೊಟ್ಟಿ ಆಗೇತಿ, ಬಂದು ಒರಸು ಅಂತ" ಎಂದರು.

"ಯಾವ ಡಬ್ಬಿ?"

"ಅದ ರೀ, ಓಣಿಗೆಲ್ಲಾ ನೆಟ್ ಕೊಡೂದು. ನಮ್ಮ ಗ್ವಾಡಿಗೇ ಐತಲ್ಲ. ನಮ್ಮ ಬೋರ್ಡಿನ ಕರೆಂಟೇ ಅದಕ್ಕ. ಅದರ ಬದಲಿ ನನಗ ಟಿ.ವಿ. ಪುಕಟ ಕೊಟ್ಟಾನ."

ಕಾಕಾ ಕಪ್ಪು ಕೆಳಗಿಟ್ಟರು. ಓಣಿಯ ಎಲ್ಲ ಮನೆಗೂ ಇಂಟರ್ನೆಟ್ ಹಂಚುವ ತಾಯಿಡಬ್ಬಿ ಗಿರಣಿಯ ಗೋಡೆಯ ಮೇಲಿತ್ತು! ನಮ್ಮ ಡಬ್ಬಿ ಉಸಿರು ಹಿಡಿದು ಕೂತರೂ, ಕರೆಂಟು ಕಣ್ಣು ಹೊಡೆದಾಗಲೆಲ್ಲ ತಾಯಿ ಅಲ್ಲಿ ಸಾಯುತ್ತಿದ್ದಳು. ವೀರೇಶನನ್ನು ಕರೆಸಿ ಕಾಕಾ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ವೀರೇಶ ಪಾಪದವನಂತೆ, "ನೀವು ನಿಮ್ಮ ಡಬ್ಬಿದು ಕೇಳಿದ್ರಿ ಕಾಕಾ, ಅದರದು ಕೇಳಲೇ ಇಲ್ಲಲ್ರಿ. ಓಣಿ ಮಂದಿಗೆಲ್ಲಾ ಗೊತ್ತೈತಿ ಅನ್ಕೊಂಡಿದ್ದೆ" ಎಂದ. ನಮ್ಮ ಕಡೆ ಇದೊಂದು ರೋಗ. ಎಲ್ಲರಿಗೂ ಗೊತ್ತಿರುತ್ತದೆಂದು ಯಾರೂ ಯಾರಿಗೂ ಹೇಳುವುದಿಲ್ಲ.

ಮರುದಿನ ಕೈಗಾಡಿಯ ಮೇಲೆ ಕಾಕಾನ ಇನ್ವರ್ಟರ್ ಗಿರಣಿಗೆ ಹೊರಟಿತು. ರೆಪ್ಪೆ ಬಡಿಯುವ ಹೊತ್ತನ್ನು ಹಿಡಿಯಲು ಅಲ್ಲ, ಅದಕ್ಕೆ ಅಲ್ಲಿಗೂ ಒಂದು ಸಣ್ಣ ಬ್ಯಾಟರಿ ಹಾಕಿಸಿದರು. ಆಮೇಲಿನ ಹೊತ್ತನ್ನು ದೊಡ್ಡದು ನೋಡಿಕೊಳ್ಳಲೆಂದು. "ನನ್ನ ಫ್ಯಾನ್ ಗಾಳಿ ಗಿರಣಿಗೆ ದಾನ ಮಾಡ್ಯಾರ ಪುಣ್ಯಾತ್ಮರು" ಎಂದು ಕಾಕಿ ಬೀಸಣಿಕೆ ಹಿಡಿದು ಕೂತರು. ಆದರೆ ಮಾತು ಕಡಿಯುವುದು ನಿಂತಿತು. "ಇನ್ನ ಐದಕ್ಕ ಹಚ್ಚು ಮಾರಾಯ ನಿನ್ನ ಮೋಟರ್" ಎಂದು ಕಾಕಾ ಅಪ್ಪಣೆ ಕೊಟ್ಟರೂ ಖಾಜಾಸಾಬರು ಹಚ್ಚಲಿಲ್ಲ. "ಇರ್ಲಿ ಬಿಡ್ರಿ, ಆ ಹೊತ್ತಿಗೆ ಚಾ ಕುಡಿಯೋದು ಚಟಾ ಆಗೇತಿ" ಎಂದರು.

ಕರೆಂಟು ಹೋದ ಮೋಡದ ದಿನಗಳಲ್ಲಿ ಪಡಸಾಲೆ ಕತ್ತಲಾಗುತ್ತಿತ್ತು. ಕತ್ತಲಲ್ಲಿ ಕೈಮಾತು ಕಾಣುವುದಿಲ್ಲ. ಆಗ ಕಾಕಾನ ಕೈಗಳ ಮೇಲೆ ಟಾರ್ಚಿನ ಬೆಳಕು ಬಿಟ್ಟುಕೊಂಡು ನಿಲ್ಲುವ ಕೆಲಸ ನನ್ನದು. ಹಾಗೆ ನಿಂತು ನಿಂತು ನನಗೂ ಒಂದಷ್ಟು ಬಂತು. ಮಳೆ, ಬಸ್ಸು, ಎಮ್ಮೆ, ಸಾಕು. ಉಳಿದದ್ದೆಲ್ಲ ಹರಿಯುವ ನೀರು. ಮಾತು ಮುಗಿದ ಮೇಲೆ "ಏನಂದ್ರು?" ಎಂದರೆ "ಏನಿಲ್ಲ, ಸುಮ್ನ" ಎಂಬ ಉತ್ತರ ತಪ್ಪಿದ್ದಲ್ಲ.

ಒಂದು ದಿನ ಮಾತ್ರ ಟ್ಯಾಬು ಆರಿದ ಮೇಲೆ ಕಾಕಾ ನನ್ನ ಕಡೆ ತಿರುಗಿದರು. ನಾನು ಕೇಳದೆಯೇ ಹೇಳಿದರು. "ನೀ ಹೋದ ಮ್ಯಾಲ ನಾ ಯಾರ ಜೋಡಿ ಮಾತಾಡ್ಲಿ ಅಂತ ಕೇಳಿದ್ಲ್ರಿ ಅಕ್ಕೋರ."

"ನೀವೇನಂದ್ರಿ?"

"ಏನನ್ಲಿ? ಎಮ್ಮಿ ಈದೈತಿಲ್ಲೋ ಅಂತ ಕೇಳಿದೆ."

ಅವರ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ತಂಗಿಯ ಜೊತೆ ಆಡಲು ನಾನು ನಾಲ್ಕು ಕೈಮಾತು ಕಲಿಯಲೇ ಎಂದು ಕೇಳಿದೆ. "ಕಲೀರಿ" ಎಂದರು. ಆಮೇಲೆ ಪರೀಕ್ಷೆಗಳು ಬಂದವು, ಮದುವೆಗಳು ಬಂದವು, ಕಾಕಾಗೂ ಕಲಿಸುವ ಸಹನೆ ಇರಲಿಲ್ಲ. ನಾನು ಕೈ ಎತ್ತಿದರೆ ಸಾಕು, "ಹಂಗಲ್ರಿ, ಅದು ಎಮ್ಮಿ ಅಲ್ಲ, ಅದು ನಮ್ಮ ಮಾವ" ಎಂದು ಗದರುತ್ತಿದ್ದರು.

ಕೊನೆಗೊಂದು ದಿನ ಬೆಳಿಗ್ಗೆ ಅವರಿಗೆ ನಿಜವಾಗಿಯೇ ಎದೆ ಹಿಡಿಯಿತು. ಕಾಕಿ ಮತ್ತು ಖಾಜಾಸಾಬರು ಕಾರು ಮಾಡಿಕೊಂಡು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದರು. ಮಧ್ಯಾಹ್ನದ ಮೇಲೆ ನನಗೆ ಮಾಳಿಗೆಯ ಮೇಲೆ ಫೋನು ಬಂತು. ಖಾಜಾಸಾಬರು, "ಅಕ್ಕೋರ, ಕಂಟ್ರೋಲರ್ ಹೋದ್ರು" ಎಂದರು. ನಾನೇ ಮಲ್ಲಪ್ಪನಿಗೆ ತಿಳಿಸಿದೆ. ಅವನು ಅಳುತ್ತಲೇ, "ಅವ್ವಗ ನಾ ಕುಷ್ಟಗಿಯಿಂದ ಹೋಗಿ ಎದುರಿಗೆ ನಿಂತು ಹೇಳತೀನ್ರಿ. ಅಲ್ಲೀತನಕ ಏನೂ ತಿಳಿಸಬ್ಯಾಡ್ರಿ" ಎಂದ. ಓಣಿಯ ಹೆಂಗಸರು ಬಂದರು. ಪಡಸಾಲೆಯ ಸಾಮಾನೆಲ್ಲ ಒಳಗೆ ಹಾಕಿ, ನೆಲ ಒರೆಸಿ, ನಮ್ಮ ಕಡೆ ಹೆಣ ಕೂರಿಸುವ ರೂಢಿಯಂತೆ ಕಾಕಾನನ್ನು ಗೋಡೆಗೆ ಆನಿಸಿ ಕೂರಿಸಲು ಜಾಗ ಮಾಡಿ, ಅವರೆಲ್ಲ ಹೊರಗೆ ಕಟ್ಟೆಯ ಮೇಲೆ ಕಾಯುತ್ತ ಕೂತರು. ಟ್ಯಾಬಿನ ಸ್ಟೂಲು ಮಾತ್ರ ಮೂಲೆಯಲ್ಲಿ ಉಳಿದಿತ್ತು. ಅದನ್ನೆತ್ತಲು ಹೋದಾಗ ಅದು ಬಡಿದುಕೊಂಡಿತು.

ಸಂಜೆ ಐದಾಗಿತ್ತು. ಮಲ್ಲಪ್ಪ ಇನ್ನೂ ದಾರಿಯಲ್ಲಿದ್ದ.

ಅದು ಬಡಿದು ನಿಂತಿತು. ಮತ್ತೆ ಬಡಿಯಿತು. ಗೋಡೆಯ ಸ್ವಿಚ್ಚು, ಬ್ಯಾಟರಿಯ ಗುಂಡಿ, ಎರಡೂ ಕೈಯಳತೆಯಲ್ಲಿದ್ದವು. ಒತ್ತಿದ್ದರೆ ಮುಗಿಯುತ್ತಿತ್ತು, ಲೈಟು ಹೋಗಿದೆ ಎಂದುಕೊಳ್ಳುತ್ತಿದ್ದಳು. ನನ್ನ ಬೆರಳು ಅಲ್ಲಿಯವರೆಗೂ ಹೋಯಿತು. ಉತ್ತರ ಸಿಗದಿದ್ದರೆ ಅವಳು ಮತ್ತೆ ಬರಿಗಾಲಲ್ಲಿ ಒಬ್ಬಳೇ ಬಸ್ಸು ಹತ್ತುತ್ತಾಳೆ ಅನ್ನಿಸಿ ಕೈ ಹಿಂದಕ್ಕೆ ತೆಗೆದೆ. ಸರಿಯೋ ತಪ್ಪೋ ನನಗೆ ಈಗಲೂ ತಿಳಿಯದು. ಹಸಿರು ಗುರುತು ಒತ್ತಿದೆ.

ಅವಳ ಮುಖ ಬಂತು. ನನ್ನನ್ನು ಕಂಡು ನಕ್ಕಳು. ಅಣ್ಣ ಎಲ್ಲಿ ಎಂದು ಹುಬ್ಬು ಹಾರಿಸಿದಳು. ಕಿವಿ ಕೇಳುವವರಿಗಾದರೆ ಪೇಟೆಗೆ ಹೋಗ್ಯಾರ ಅಂತ ಒಂದು ಸುಳ್ಳು ಒಗೆಯಬಹುದಿತ್ತು. ಕೈಯಲ್ಲಿ ಹೇಳುವ ಸುಳ್ಳು ನನಗೆ ಯಾರೂ ಕಲಿಸಿರಲಿಲ್ಲ. ಅವಳ ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು. ಖಾಲಿಯಾದ ಪಡಸಾಲೆ, ಒರೆಸಿದ ನೆಲ, ಗೋಡೆಗೆ ಒತ್ತಿ ಹಾಸಿದ ಕಂಬಳಿ. ನಮ್ಮ ಮನೆಗಳಲ್ಲಿ ಆ ಜಾಗ ಯಾಕೆ ಮಾಡುತ್ತಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಳಲಿಲ್ಲ. ಎರಡೂ ಕೈ ಎತ್ತಿ ಮಾತಾಡಲು ಶುರು ಮಾಡಿದಳು. ಮೊದಲು ನಿಧಾನ, ಆಮೇಲೆ ವೇಗ. ಎಮ್ಮೆ ಇರಲಿಲ್ಲ, ಮಳೆ ಇರಲಿಲ್ಲ, ಬಸ್ಸು ಇರಲಿಲ್ಲ, ನನಗೆ ಗೊತ್ತಿದ್ದ ಯಾವುದೂ ಅದರಲ್ಲಿರಲಿಲ್ಲ. ನಡುವೆ ಕರೆಂಟು ಕಣ್ಣು ಹೊಡೆಯಿತು, ಬಲ್ಬು ಆರಿ ಹತ್ತಿತು. ಡಬ್ಬಿಯ ದೀಪ ಅಲುಗಲಿಲ್ಲ, ಅವಳ ಕೈಗಳೂ ನಿಲ್ಲಲಿಲ್ಲ. ಒಂದೊಂದು ಬೆರಳೂ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ನಾನು ಹೂಂ ಎಂಬಂತೆ ತಲೆಯಾಡಿಸುತ್ತ ನಿಂತಿದ್ದೆ, ಒಂದು ಮಾತೂ ತಿಳಿಯುತ್ತಿರಲಿಲ್ಲ. ತಿಳಿಯುವವರನ್ನು ಕೊಪ್ಪಳದಿಂದ ಇನ್ನೂ ತರುತ್ತಿದ್ದರು.